ಯಂತ್ರ ತರುವ ಮೊದಲು ಹಟ್ಟಿಗೆ ಬನ್ನಿ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣ ಮಾಡಿ ಅಭ್ಯಾಸವಿದ್ದವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕಿಳಿದವನು, ಇಂದಿಗೂ ತೋಟದಲ್ಲೇ ಇದ್ದೇನೆ. ಸಂಘದ ಇಪ್ಪತ್ತೈದು ವರ್ಷದ ಈ ಶುಭ ಸಂದರ್ಭದಲ್ಲಿ ಎರಡು ಮಾತು ಆಡಬೇಕೆಂದು ಅಧ್ಯಕ್ಷರು ಹೇಳಿದಾಗ, ಸಂಘದ ಹಿರಿಮೆಯನ್ನು ಹೇಳಲು ನನಗಿಂತ ದೊಡ್ಡವರಿದ್ದಾರೆ, ನಾನು ನಮ್ಮ ಒಂದು ತಪ್ಪಿನ ಬಗ್ಗೆ ಮಾತಾಡಲಾ ಎಂದು ಕೇಳಿದೆ. ಅವರು ನಕ್ಕು, ಆಗಲಿ, ಬೆಳ್ಳಿಹಬ್ಬದ ದಿನ ಒಬ್ಬನಾದರೂ ನಿಜ ಹೇಳಲಿ ಎಂದರು. ಆ ಧೈರ್ಯದಿಂದ ನಿಮ್ಮ ಮುಂದೆ ನಿಂತಿದ್ದೇನೆ.

ನಮ್ಮದು ಹೆಸರಿಗೆ ಹಳ್ಳಿ. ರಾತ್ರಿ ಗುಡ್ಡದ ಮೇಲೆ ನಿಂತರೆ ಮಂಗಳೂರು ಪೇಟೆಯ ದೀಪಗಳು ಕಾಣುತ್ತವೆ. ಸಂಘ ಶುರುವಾದಾಗ ಕೆಳಗೆ ಬೈಲು ತುಂಬ ಗದ್ದೆ ಇತ್ತು. ಈಗ ಅರ್ಧಕ್ಕರ್ಧ ಸೈಟು. ಆದರೂ ಬೆಳಿಗ್ಗೆ ಸಂಜೆ ಕ್ಯಾನು ತುಂಬುತ್ತದೆ, ನಮ್ಮ ಹಾಲು ಕುಲಶೇಖರದ ಡೈರಿಗೆ ಹೋಗುತ್ತದೆ. ಇದು ಯಾರ ದುಡಿಮೆ ಎಂದು ಎಲ್ಲರಿಗೂ ಗೊತ್ತು. ಸದಸ್ಯರ ಪುಸ್ತಕದಲ್ಲಿ ಗಂಡಸರ ಹೆಸರು ಜಾಸ್ತಿ ಇರಬಹುದು, ಹಟ್ಟಿಯಲ್ಲಿ ಬಗ್ಗಿದ ಬೆನ್ನು ಹೆಚ್ಚಾಗಿ ಹೆಂಗಸರದ್ದು.

ಈ ಸಲದ ಲಾಭದಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಸದಸ್ಯರಿಗೆ ಉಪಯೋಗವಾಗುವ ಯಂತ್ರಗಳನ್ನು ಕೊಳ್ಳಬೇಕೆಂಬ ಸಲಹೆ ಆಡಳಿತ ಮಂಡಳಿಯ ಮುಂದೆ ಉಂಟು. ಹಾಲು ಕರೆಯುವ ಯಂತ್ರ ಎಂದು ಕೆಲವರು, ಅಡಿಕೆಗೆ ಮದ್ದು ಬಿಡುವ ಫೈಬರ್ ದೋಟಿ ಬಾಡಿಗೆಗೆ ಕೊಡುವಾ ಎಂದು ಕೆಲವರು ಹೇಳುತ್ತಿದ್ದಾರೆ. ಎರಡೂ ಒಳ್ಳೆಯ ವಿಚಾರವೇ. ಆದರೆ ನಿರ್ಣಯ ಬರೆಯುವ ಮೊದಲು ನಮ್ಮ ಗೋಡೌನಿನ ಮೂಲೆಯಲ್ಲಿ ಗೋಣಿ ಹೊದ್ದು ಕುಳಿತಿರುವ ಒಂದು ವಸ್ತುವನ್ನು ನೆನಪಿಸಲಿಕ್ಕೆ ಇಷ್ಟಪಡುತ್ತೇನೆ.

ಹೌದು, ಚಾಫ್ ಕಟ್ಟರ್ ಎಂದು ನಾವೆಲ್ಲ ಹೇಳುವ ಮೇವು ಕತ್ತರಿಸುವ ಯಂತ್ರ. ಅದನ್ನು ತರಬೇಕೆಂದು ಹಟ ಹಿಡಿದವನು ನಾನೇ. ಕೆಲವು ವರ್ಷಗಳ ಹಿಂದೆ ಒಂದು ಕೃಷಿ ಮೇಳದಲ್ಲಿ ಅದನ್ನು ನೋಡಿದೆ. ಆಳೆತ್ತರದ ಜೋಳದ ದಂಟನ್ನು ಕೊಟ್ಟರೆ ಕ್ಷಣದಲ್ಲಿ ಪುಡಿ ಪುಡಿ. ದನ ತಿನ್ನದೆ ಬಿಡುವ ಭಾಗವೇ ಇಲ್ಲ, ಮೇವು ಉಳಿತಾಯ ಎಂದು ಅಂಗಡಿಯವರು ವಿವರಿಸಿದರು. ಸುಳ್ಳು ಹೇಳಲಿಲ್ಲ ಅವರು. ನಾನು ಊರಿಗೆ ಬಂದು ಮಂಡಳಿಯಲ್ಲಿ ಮಾತೆತ್ತಿದೆ. ಮಹಾಸಭೆಯಲ್ಲಿ "ಯಂತ್ರ ಬೇಕಾ?" ಎಂದು ಕೇಳಿದೆವು. ಎಲ್ಲರೂ ಕೈ ಎತ್ತಿದರು. ಯಂತ್ರ ಬಂತು, ಕುಂಕುಮ ಹಚ್ಚಿದೆವು, ಅವಲಕ್ಕಿ ಹಂಚಿದೆವು, ಸಂಘದ ಅಂಗಳದಲ್ಲಿ ಶೆಡ್ ಕಟ್ಟಿ ನಿಲ್ಲಿಸಿದೆವು. ಮೊದಲ ವಾರ ಹತ್ತು ಹನ್ನೆರಡು ಮಂದಿ ಬಂದರು. ತಿಂಗಳು ಮುಗಿಯುವಾಗ ಇಬ್ಬರು. ಮಳೆಗಾಲ ಕಳೆಯುವಾಗ ಯಾರೂ ಇಲ್ಲ.

ನಮ್ಮ ಜನ ಸೋಮಾರಿಗಳು, ಸವಲತ್ತು ಕೊಟ್ಟರೂ ಉಪಯೋಗಿಸಲಿಕ್ಕೆ ಗೊತ್ತಿಲ್ಲ ಎಂದು ನಾನು ಮನೆಯಲ್ಲಿ ಬೈದೆ. ಆಗ ನನ್ನ ಹೆಂಡತಿ ತುಳುವಿನಲ್ಲಿ ಒಂದು ಮಾತು ಹೇಳಿದಳು. ಅದನ್ನು ಕನ್ನಡದಲ್ಲಿ ಹೇಳುತ್ತೇನೆ. "ನೀವು ಕೇಳಿದ್ದು ಯಂತ್ರ ಬೇಕಾ ಅಂತ. ಬೇಡ ಅಂತ ಯಾರು ಹೇಳ್ತಾರೆ? ನಾವು ಹುಲ್ಲು ತರುವುದು ಎಷ್ಟು ಹೊತ್ತಿಗೆ ಅಂತ ಕೇಳಿದ್ದೀರಾ?"

ಕೇಳಿರಲಿಲ್ಲ. ಸಂಘದ ಬಾಗಿಲು ತೆರೆದಿರುವುದು ಬೆಳಿಗ್ಗೆ ಹಾಲಿನ ಹೊತ್ತಿಗೆ, ಮತ್ತೆ ಸಂಜೆ ಹಾಲಿನ ಹೊತ್ತಿಗೆ. ಹೆಂಗಸರು ಮನೆಕೆಲಸ ಮುಗಿಸಿ ಹುಲ್ಲಿಗೆ ಹೋಗಿ ತಲೆಹೊರೆ ಹೊತ್ತು ಬರುವುದು ಹನ್ನೊಂದು ಗಂಟೆಗೆ. ಆಗ ಸಂಘಕ್ಕೆ ಬೀಗ. ಇನ್ನು ನಮ್ಮ ಮನೆಗಳು ಗುಡ್ಡದ ಬುಡದಲ್ಲಿ ಒಂದು, ಬೈಲಿನಲ್ಲಿ ಒಂದು. ಹುಲ್ಲಿನ ಹೊರೆಯನ್ನು ಏರು ಹತ್ತಿಸಿ ಸಂಘಕ್ಕೆ ತಂದು, ಕತ್ತರಿಸಿ, ಮತ್ತೆ ಹೊತ್ತು ಹಟ್ಟಿಗೆ ಇಳಿಸಬೇಕು. ಕತ್ತರಿಸಿದ ಹುಲ್ಲು ಹೊರೆ ಕಟ್ಟಲಿಕ್ಕೂ ಬರುವುದಿಲ್ಲ, ಅದಕ್ಕೆ ಬೇರೆ ಗೋಣಿ ಬೇಕು. ಮೂರನೆಯದು, ನಮ್ಮ ಹುಲ್ಲು ಜೋಳದ ದಂಟಲ್ಲ. ತೋಟದ ಬದಿಯದ್ದು, ಖಾಲಿ ಸೈಟಿನದ್ದು, ರಸ್ತೆ ಬದಿಯದ್ದು, ಮೆತ್ತಗಿನ ಗಿಡ್ಡ ಹುಲ್ಲು. ಅದು ಮಳೆಯಲ್ಲಿ ಒದ್ದೆಯಾದರೆ ಯಂತ್ರದ ಬಾಯಿಗೆ ಸುತ್ತಿಕೊಳ್ಳುತ್ತದೆ. ನೇಪಿಯರ್ ಹುಲ್ಲು ಬೆಳೆಸಿದವರು ಇಡೀ ಊರಿನಲ್ಲಿ ಎರಡೇ ಮನೆಯವರು. ಕೊನೆಯವರೆಗೆ ಬಂದವರು ಆ ಇಬ್ಬರೇ. ನಾಲ್ಕನೆಯದನ್ನು ಹೆಂಗಸರು ನನ್ನ ಮುಂದೆ ಹೇಳಿಯೇ ಇರಲಿಲ್ಲ: ಸೆರಗು ಸಿಕ್ಕಿಬಿಟ್ಟರೆ ಎಂಬ ಹೆದರಿಕೆ.

ನೋಡಿ, ಯಂತ್ರದಲ್ಲಿ ದೋಷವಿಲ್ಲ. ನಮ್ಮ ಜನರಲ್ಲೂ ದೋಷವಿಲ್ಲ. ಹುಲ್ಲು ಕೊಯ್ಯುವವರ ಒಂದು ದಿನ ಹೇಗೆ ಕಳೆಯುತ್ತದೆ ಎಂದು ನೋಡದೆ, ಹುಲ್ಲು ಕೊಯ್ಯದ ನಾವು ಏಳೆಂಟು ಗಂಡಸರು ಚಾ ಕುಡಿಯುತ್ತಾ ನಿರ್ಣಯ ಮಾಡಿದೆವು. ದೋಷ ಇದ್ದದ್ದು ಅಲ್ಲಿ.

ಇದಾದ ಮೇಲೆ ನನ್ನ ಕಣ್ಣು ತೆರೆಸಿದ ಇನ್ನೊಂದು ಸಂಗತಿ ನಮ್ಮ ಮನೆಯಲ್ಲೇ ನಡೆಯಿತು. ಪೇಟೆಯ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ನಾಲ್ಕು ಮಂದಿ ಮಕ್ಕಳು ಬಂದರು. ಸಣ್ಣ ಹೈನುಗಾರರಿಗೆ ಕಡಿಮೆ ಬೆಲೆಯ ಹಾಲು ಕರೆಯುವ ಯಂತ್ರ ಮಾಡುವುದು ಅವರ ಪ್ರಾಜೆಕ್ಟ್. ಮೊದಲ ದಿನ ಅಚ್ಚು ಮಾಡಿದ ಪ್ರಶ್ನೆಪತ್ರಿಕೆ ತಂದಿದ್ದರು. ಹಾಲು ಕರೆಯುವುದು ಕಷ್ಟವೇ, ಹೌದು ಅಥವಾ ಇಲ್ಲ. ಯಂತ್ರ ಬೇಕೇ, ಹೌದು ಅಥವಾ ಇಲ್ಲ. ನನ್ನ ಹೆಂಡತಿ ಎಲ್ಲದಕ್ಕೂ ಹೌದು ಎಂದಳು. ಅಷ್ಟು ದೂರದಿಂದ ಬಸ್ಸು ಹತ್ತಿ ಬಂದ ಮಕ್ಕಳಿಗೆ ಇಲ್ಲ ಎನ್ನುವುದು ಹೇಗೆ? ಮಜ್ಜಿಗೆ ಕೊಟ್ಟು ಕಳುಹಿಸಿದೆವು.

ಅವರ ಮೇಷ್ಟ್ರು ಅನುಭವಸ್ಥರೆಂದು ಕಾಣುತ್ತದೆ. ಆ ಕಾಗದಗಳನ್ನು ಬದಿಗಿಟ್ಟು, ಹೋಗಿ ಎರಡು ದಿನ ಅವರ ಜೊತೆ ಇದ್ದು ಬನ್ನಿ, ಏನೂ ಕೇಳಬೇಡಿ, ಕೆಲಸಕ್ಕೆ ಕೈ ಹಾಕಿ ಎಂದರಂತೆ. ಅವರಲ್ಲಿ ಒಬ್ಬಳು ಹುಡುಗಿ ನಮ್ಮಲ್ಲಿ ಉಳಿದಳು. ಬೆಳಿಗ್ಗೆ ಐದಕ್ಕೆ ನನ್ನ ಹೆಂಡತಿಯ ಜೊತೆ ಎದ್ದು, "ಅಕ್ಕಾ, ನಾನೂ ಬರ್ತೇನೆ" ಎಂದು ಹಟ್ಟಿಗೆ ಹೋದಳು. ಸಗಣಿ ತೆಗೆದಳು, ಬೈಹುಲ್ಲು ಹಾಕಿದಳು, ನನ್ನ ತಾಯಿ ಹಾಲು ಕರೆಯುವುದನ್ನು ಹತ್ತಿರ ಕೂತು ನೋಡಿದಳು. ಸಣ್ಣ ಪುಸ್ತಕದಲ್ಲಿ ಗಂಟೆ ಗಂಟೆಗೂ ಬರೆದುಕೊಂಡಳು.

ಎರಡನೇ ದಿನ ಸಂಜೆ ಜಗಲಿಯಲ್ಲಿ ಕೂತು ಅವಳು ನನ್ನಲ್ಲಿ ಹೇಳಿದ್ದು ಹೀಗೆ: "ಅಂಕಲ್, ನಿಮ್ಮ ಮನೆಯಲ್ಲಿ ಹಾಲು ಕರೆಯುವುದು ಕಷ್ಟ ಅಲ್ಲ. ಎರಡು ದನಕ್ಕೆ ಅಜ್ಜಿಗೆ ಅರ್ಧ ಗಂಟೆ ಸಾಕು, ಅದು ಅವರು ಕೂತು ಮಾಡುವ ಒಂದೇ ಕೆಲಸ, ದನದ ಹತ್ತಿರ ಮಾತಾಡಿಕೊಂಡು ಖುಷಿಯಲ್ಲಿ ಮಾಡ್ತಾರೆ. ಕಷ್ಟ ಇರುವುದು ಸಗಣಿ ಬುಟ್ಟಿಯಲ್ಲಿ. ಹಟ್ಟಿಯಿಂದ ಗೊಬ್ಬರದ ಗುಂಡಿಗೆ ಹದಿನಾಲ್ಕು ಮೆಟ್ಟಿಲು ಹತ್ತಬೇಕು. ಅಕ್ಕ ದಿನಕ್ಕೆ ಎಂಟು ಬುಟ್ಟಿ ಹೊರ್ತಾರೆ. ಕಳೆದ ಆಟಿಯಲ್ಲಿ ಅವರ ಕೈ ಉಳುಕಿದ್ದು ಅಲ್ಲೇ ಬಿದ್ದು."

ನಾನು ತಲೆ ತಗ್ಗಿಸಿದೆ. ಕೈ ಉಳುಕಿದ್ದು ಗೊತ್ತಿತ್ತು. ಅಂಗಳದಲ್ಲಿ ಜಾರಿತು ಎಂದು ನನ್ನಲ್ಲಿ ಹೇಳಿದ್ದಳು. ಗುಂಡಿ ಮೇಲೆ ಮಾಡಿದ್ದು ನನ್ನ ತಂದೆ, ತೋಟಕ್ಕೆ ಗೊಬ್ಬರ ಇಳಿಸಲಿಕ್ಕೆ ಸುಲಭ ಎಂದು. ಅದನ್ನು ಬದಲಾಯಿಸು ಎಂದು ಹೇಳಿದರೆ ನನಗೆ ಬೇಸರವಾದೀತು ಎಂದು ಅವಳು ಹೇಳಿರಲಿಲ್ಲ. ಒಂದೇ ಸೂರಿನ ಕೆಳಗೆ ಇಪ್ಪತ್ತು ವರ್ಷ ಇದ್ದ ನನಗೆ ತಿಳಿಯದ್ದು ಎರಡು ದಿನ ಇದ್ದ ಹುಡುಗಿಗೆ ತಿಳಿಯಿತು. ಅವಳು ಬುದ್ಧಿವಂತೆ ಎನ್ನುವುದು ಒಂದು. ಮುಖ್ಯವಾಗಿ ಅವಳು ಬುಟ್ಟಿ ಹೊತ್ತಿದ್ದಳು, ನಾನು ಹೊತ್ತಿರಲಿಲ್ಲ.

ಮಕ್ಕಳು ಹಾಲು ಕರೆಯುವ ಯಂತ್ರವನ್ನು ಬಿಟ್ಟು ಸಗಣಿ ಸಾಗಿಸುವ ಕೈಗಾಡಿಗೆ ಹೊರಟರು. ಮೊದಲು ಮಾಡಿ ತಂದ ಗಾಡಿ ಪ್ರಯೋಜನಕ್ಕೆ ಬರಲಿಲ್ಲ. ಹಿಡಿ ಎತ್ತರವಾಯಿತು, ಸೈಕಲಿನ ಸಪೂರ ಚಕ್ರ ಮಳೆಯ ಕೆಸರಲ್ಲಿ ಹೂತಿತು. ಎರಡನೇ ಸಲ ಹಿಡಿಯನ್ನು ನನ್ನ ಹೆಂಡತಿಯ ಎತ್ತರಕ್ಕೆ ಅಳತೆ ಮಾಡಿ, ಅಗಲ ಚಕ್ರ ಹಾಕಿದರು. ನಾನು ಮೆಟ್ಟಿಲಿನ ಬದಿಯಲ್ಲಿ ಮುರಕಲ್ಲು ಕಡಿದು ಇಳಿಜಾರು ದಾರಿ ಮಾಡಿದೆ. ಈಗಲೂ ಆ ಗಾಡಿ ಓಡುತ್ತಾ ಉಂಟು. ಯಾರಿಗಾದರೂ ನೋಡಬೇಕಿದ್ದರೆ ಬನ್ನಿ.

ಹೀಗೆ ಜನರ ಜೊತೆ ಇದ್ದು, ಅವರು ಹೇಳುವುದನ್ನು ಮಾತ್ರವಲ್ಲ, ಮಾಡುವುದನ್ನೂ ನೋಡಿ ಬರೆದುಕೊಳ್ಳುವುದಕ್ಕೆ ಒಂದು ಶಾಸ್ತ್ರವೇ ಇದೆ, ಅದಕ್ಕೆ ಎಥ್ನೋಗ್ರಫಿ ಎನ್ನುತ್ತಾರೆ, ನಮ್ಮಲ್ಲಿ ಕ್ಷೇತ್ರಕಾರ್ಯ ಎನ್ನಬಹುದು ಎಂದು ಆ ಹುಡುಗಿಯೇ ಹೇಳಿದ್ದು. ಆಮೇಲೆ ನಾನೂ ಸ್ವಲ್ಪ ಓದಿ ಕೇಳಿ ತಿಳಿದುಕೊಂಡೆ. ಈ ವಿದ್ಯೆಯಲ್ಲಿ ದೇಶಕ್ಕೇ ಹೆಸರು ತಂದವರು ನಮ್ಮ ಮೈಸೂರಿನ ಪ್ರೊಫೆಸರ್ ಎಂ. ಎನ್. ಶ್ರೀನಿವಾಸ್. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಅಲ್ಲಿನ ಬೇಸಾಯ, ಜಾತಿ, ಜಗಳ, ಹಬ್ಬ ಎಲ್ಲವನ್ನೂ ನೋಡಿ ಬರೆದರು. ಪುಸ್ತಕದಲ್ಲಿ ಆ ಊರಿಗೆ ರಾಂಪುರ ಎಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದಲ್ಲಿದ್ದಾಗ ಅವರ ಕೆಲಸದ ಕೋಣೆಗೆ ಬೆಂಕಿ ಬಿದ್ದು ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟವು. ಆದರೂ ನೆನಪಿನಿಂದಲೇ ಬರೆದು 1976ರಲ್ಲಿ ಆ ಹಳ್ಳಿಯ ಪುಸ್ತಕವನ್ನು ಹೊರತಂದರು. ಊರಿನ ಜೊತೆ ಬಾಳಿದವರಿಗೆ ಮಾತ್ರ ಅಷ್ಟು ನೆನಪು ಉಳಿದೀತು.

ಶ್ರೀನಿವಾಸರು ಯಂತ್ರ ಮಾಡಲು ಹೋದವರಲ್ಲ. ಆದರೆ ಅದೇ ರೀತಿಯ ನೋಟವನ್ನು ದೊಡ್ಡ ದೊಡ್ಡ ಕಂಪೆನಿಗಳು ಆಮೇಲೆ ತಮ್ಮ ಕೆಲಸಕ್ಕೆ ಬಳಸಿಕೊಂಡವು. ನಾವು ಪಹಣಿ ಪತ್ರಕ್ಕೆ ಜೆರಾಕ್ಸ್ ಮಾಡಿಸುತ್ತೇವಲ್ಲ, ಆ ಜೆರಾಕ್ಸ್ ಕಂಪೆನಿಯ ಸಂಶೋಧನಾ ಕೇಂದ್ರದಲ್ಲಿ 1980ರ ದಶಕದ ಆರಂಭದಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರದ ವಿದುಷಿ ಇದ್ದರು. ಕಂಪೆನಿ ತಯಾರಿಸಿದ ಹೊಸ ಯಂತ್ರವನ್ನು ಉಪಯೋಗಿಸುವುದು ತುಂಬ ಕಷ್ಟ ಎಂಬ ದೂರು ಇತ್ತು. ಅವರು ಅದರ ಮುಂದೆ ಜನರನ್ನು ನಿಲ್ಲಿಸಿ, ಅವರು ಪಡುವ ಪಾಡನ್ನು ವಿಡಿಯೋ ಮಾಡಿದರು. ಕಂಪ್ಯೂಟರಿನಲ್ಲಿ ಪಂಡಿತರಾದ ಇಬ್ಬರು ಕೂಡ ಕಾಗದದ ಎರಡೂ ಬದಿಗೆ ಪ್ರತಿ ತೆಗೆಯಲು ಒದ್ದಾಡಿದ್ದು ಅದರಲ್ಲಿ ದಾಖಲಾಯಿತು. ಪಂಡಿತರೇ ಒದ್ದಾಡಿದ ಮೇಲೆ ಬಳಸುವವರು ದಡ್ಡರು ಎನ್ನಲಿಕ್ಕೆ ಬಾಯಿ ಉಂಟಾ? ನಾನು ನಮ್ಮ ಹೆಂಗಸರನ್ನು ಸೋಮಾರಿಗಳೆಂದು ಬೈದದ್ದು ಇದನ್ನು ಓದುವಾಗ ನೆನಪಾಯಿತು.

ಅಮೆರಿಕ ದೂರವಾಯಿತು, ನಮ್ಮ ರಾಜ್ಯದ್ದೇ ಒಂದು ಸಂಗತಿ ಹೇಳುತ್ತೇನೆ. ಇದು ಸಗಣಿಗೆ ಸಂಬಂಧಪಟ್ಟದ್ದು, ಹಾಗಾಗಿ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಅಸ್ತ್ರ ಎಂಬ ವಿಭಾಗ ಆರಂಭವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದು ಅದರ ಉದ್ದೇಶ. ಹೊಗೆ ಕಡಿಮೆ ಮಾಡುವ, ಸೌದೆ ಉಳಿಸುವ ಅಸ್ತ್ರ ಒಲೆ ಎಂದು ಕೇಳಿದ್ದೀರಲ್ಲ, ಅದು ಅವರದ್ದೇ. ಅವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರ ಎಂಬಲ್ಲಿ ಕೇಂದ್ರ ಮಾಡಿಕೊಂಡು, ಸುತ್ತಲಿನ ಆರು ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ತರುತ್ತಾರೆ, ನೀರಿಗೆ ಎಷ್ಟು ಹೊತ್ತು ನಡೆಯುತ್ತಾರೆ, ದನ ಮೇಯಿಸಲಿಕ್ಕೆ ಎಷ್ಟು ಹೊತ್ತು ಎಂದು ಮನೆ ಮನೆಯ ಲೆಕ್ಕ ತೆಗೆದರು.

ಆ ಆರರಲ್ಲಿ ಪುರ ಎಂಬ ಸಣ್ಣ ಊರು ಒಂದು. 1991ರಲ್ಲಿ ಅಲ್ಲಿನ ಜನಸಂಖ್ಯೆ 463. ಅಲ್ಲಿ ಊರಿಗೆಲ್ಲ ಸೇರಿ ಒಂದು ದೊಡ್ಡ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಮನೆ ಮನೆಗೆ ಅಡುಗೆಗೆ ಗ್ಯಾಸ್ ಕೊಡುವ ಯೋಜನೆ ಹಾಕಿದರು. ವಿಜ್ಞಾನಿಗಳು ಪ್ರಾಮಾಣಿಕರು, ಉದ್ದೇಶ ಒಳ್ಳೆಯದು, ಸ್ಥಾವರವೂ ಸರಿಯಾಗಿತ್ತು. ಆದರೆ ಸಿಕ್ಕಿದ ಸಗಣಿಯಲ್ಲಿ ಎಲ್ಲ ಮನೆಯ ಅಡುಗೆಗೆ ಸಾಕಾಗುವಷ್ಟು ಗ್ಯಾಸ್ ಬರಲಿಲ್ಲ. ಅರ್ಧ ಅಡುಗೆಗೆ ಗ್ಯಾಸ್, ಅರ್ಧಕ್ಕೆ ಸೌದೆ ಎಂದರೆ ಯಾರಿಗೆ ಬೇಕು? ಯೋಜನೆ ನೆಲಕಚ್ಚಿತು.

ಅಲ್ಲಿಗೆ ಬಿಟ್ಟು ಹೋಗಿದ್ದರೆ ನಮ್ಮ ಚಾಫ್ ಕಟ್ಟರಿನ ಹಾಗೆ ಅದೂ ಗೋಣಿ ಹೊದೆಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಊರವರ ಜೊತೆ ಕೂತು ಮಾತಾಡಿದರು. ಆಗ ಗೊತ್ತಾದದ್ದು, ಊರವರಿಗೆ ಮೊದಲು ಬೇಕಾದ್ದು ಅಡುಗೆಯ ಗ್ಯಾಸಲ್ಲ, ಕುಡಿಯುವ ನೀರು. ಸ್ಥಾವರವನ್ನು ಕೆಡವಲಿಲ್ಲ. ಅದೇ ಸಗಣಿ, ಅದೇ ಗ್ಯಾಸು. ಆದರೆ 1987ರಿಂದ ಆ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡಿ, ಕೊಳವೆ ಬಾವಿಯ ನೀರನ್ನು ಮೇಲೆತ್ತಿ ನಲ್ಲಿಯಲ್ಲಿ ಬಿಟ್ಟರು. ಮನೆಗಳಿಗೆ ದೀಪವೂ ಬಂತು. ಸಗಣಿ ತಂದು ಹಾಕಿದವರಿಗೆ ಕಿಲೋಗೆ ಎರಡು ಪೈಸೆ ಕೂಲಿ, ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರ ಸಗಣಿ ಕೊಟ್ಟವರಿಗೇ ವಾಪಸು. ನಮ್ಮಲ್ಲಿ ಹಾಲು ಅಳೆದು ಬರೆದುಕೊಳ್ಳುವ ಹಾಗೆ ಅಲ್ಲಿ ಸಗಣಿ ತೂಗಿ ಬರೆಯುತ್ತಿದ್ದರು. ತಂದು ಹಾಕುವವರು ಹೆಚ್ಚಾಗಿ ಹೆಂಗಸರೇ.

ಆ ವ್ಯವಸ್ಥೆ ಸುಮಾರು ಹತ್ತು ವರ್ಷ ನಡೆದು ಆಮೇಲೆ ನಿಂತಿತು. ನಿಂತದ್ದನ್ನೂ ಹೇಳಬೇಕು. ಒಮ್ಮೆ ಕೇಳಿದರೆ ಮುಗಿಯುವುದಿಲ್ಲ, ಕಾಲ ಬದಲಾದ ಹಾಗೆ ಜನರ ಅಗತ್ಯವೂ ಬದಲಾಗುತ್ತದೆ. ಆದರೂ ಆ ಹತ್ತು ವರ್ಷದ ನೀರು ಜನರ ಮಾತು ಕೇಳಿದ್ದರಿಂದ ಸಿಕ್ಕಿದ್ದು.

ಇದೇ ದಾರಿಯಲ್ಲಿ ನಡೆದವರು ಸೆಲ್ಕೋ ಸೋಲಾರಿನವರು. 1995ರಲ್ಲಿ ಶುರುವಾದ ಸಂಸ್ಥೆ, ಕಟ್ಟಿದವರಲ್ಲಿ ಒಬ್ಬರು ಹರೀಶ್ ಹಂದೆ. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಎಲ್ಲರಿಗೂ ಒಂದೇ ಅಳತೆಯ ದೀಪ ಮಾರದೆ, ಈ ಮನೆಯಲ್ಲಿ ಬೆಳಕು ಎಲ್ಲಿ ಬೇಕು, ಎಷ್ಟು ಹೊತ್ತು ಬೇಕು ಎಂದು ನೋಡಿ ಕೊಡಬೇಕು ಎನ್ನುವುದು ಅವರ ಕ್ರಮ. ಬೀದಿಬದಿ ವ್ಯಾಪಾರಿಯೊಬ್ಬರಿಂದ ತಾನು ಕಲಿತ ಪಾಠವನ್ನು ಹಂದೆಯವರು ಹೇಳುವುದುಂಟು: ತಿಂಗಳಿಗೆ ಮುನ್ನೂರು ರೂಪಾಯಿ ಕಂತು ಎಂದರೆ ಆಗದು, ದಿನಕ್ಕೆ ಹತ್ತು ಎಂದರೆ ಆದೀತು. ಲೆಕ್ಕಕ್ಕೆ ಎರಡೂ ಒಂದೇ. ಆದರೆ ದಿನದ ಗಳಿಕೆಯವನ ಕಿಸೆಗೆ ಎರಡೂ ಒಂದೇ ಅಲ್ಲ. ಹದಿನೈದು ದಿನಕ್ಕೊಮ್ಮೆ ಹಾಲಿನ ಬಿಲ್ಲು ಪಡೆಯುವ ನಮಗೆ ಇದು ಬೇಗ ಅರ್ಥವಾದೀತು. ಯಂತ್ರದ ಜೊತೆ ಅದರ ಸಾಲದ ಕಂತು ಕೂಡ ಜನರ ಬದುಕಿಗೆ ಹೊಂದಬೇಕು. ಸಾಲ ಕೊಡುವ ಸಹಕಾರಿ ಬ್ಯಾಂಕುಗಳವರು ಇಲ್ಲಿ ಇದ್ದೀರಿ, ದಯಮಾಡಿ ಗಮನಿಸಿ.

ಇನ್ನು ನಮ್ಮ ಅಡಿಕೆಗೆ ಬರುತ್ತೇನೆ. ಮರ ಹತ್ತುವವರು ಸಿಗದೆ ನಾವು ಪಡುವ ಕಷ್ಟ ಇಲ್ಲಿ ಯಾರಿಗೂ ಹೊಸದಲ್ಲ. ಮಳೆಗಾಲದಲ್ಲಿ ಪಾಚಿ ಹಿಡಿದ ಮರ, ಕಾಲಿಗೆ ತಳೆ, ಸೊಂಟದಲ್ಲಿ ಹಗ್ಗ, ಮರದಿಂದ ಮರಕ್ಕೆ ವಾಲಿಕೊಂಡು ಬೋರ್ಡೋ ಬಿಡುವವರ ಕೆಲಸ ನೋಡಿದರೆ ಕೆಳಗೆ ನಿಂತವರ ಎದೆ ನಡುಗುತ್ತದೆ. ಇದಕ್ಕೆ ಎಷ್ಟೋ ಸಾಧನಗಳು ಬಂದವು. ಅದರಲ್ಲಿ 2019ರಲ್ಲಿ ದೇಶವೇ ನೋಡಿದ್ದು ನಮ್ಮ ಬಂಟ್ವಾಳ ತಾಲೂಕು ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಮಾಡಿದ ಮರ ಹತ್ತುವ ಬೈಕ್. ಸೀಟಿನಲ್ಲಿ ಕೂತು, ಪೆಟ್ರೋಲ್ ಎಂಜಿನ್ ಚಾಲೂ ಮಾಡಿದರೆ ಮರದ ಮೇಲಕ್ಕೆ ಕೊಂಡೊಯ್ಯುತ್ತದೆ. ಅವರು ಯಾರ ಬಳಿಯೂ ಪ್ರಶ್ನೆಪತ್ರಿಕೆ ಹಿಡಿದು ಹೋಗಬೇಕಾಗಿರಲಿಲ್ಲ. ತೋಟ ಅವರದ್ದು, ಕಷ್ಟ ಅವರದ್ದು.

ಹಗುರದ ಫೈಬರ್ ದೋಟಿಯ ಕಥೆಯನ್ನೂ ನೋಡಿ. ದೋಟಿ ಎನ್ನುವುದು ನಮ್ಮ ಅಜ್ಜಂದಿರದ್ದೇ. ಬಿದಿರು ಹೋಗಿ ಫೈಬರ್ ಬಂತು ಅಷ್ಟೇ. ಕಾಲು ನೆಲದಲ್ಲೇ ಇರುವುದರಿಂದ ಬೀಳುವ ಭಯವಿಲ್ಲ. ಆದರೆ ಇಡೀ ದಿನ ಕುತ್ತಿಗೆ ಎತ್ತಿ ಹಿಡಿಯಬೇಕು, ಕರೆಂಟಿನ ತಂತಿ ಹತ್ತಿರ ಇದ್ದರೆ ಜೀವಕ್ಕೆ ಅಪಾಯ. ನಮ್ಮ ಊರಿನ ತೋಟಗಳ ನಡುವೆ ಎಷ್ಟು ಕಡೆ ತಂತಿ ಹಾದುಹೋಗಿದೆ? ದೋಟಿ ಹಿಡಿಯುವವರು ಯಾರು, ತೋಟದ ಯಜಮಾನನೋ, ಕೂಲಿಗೆ ಬರುವವನೋ? ಅವನನ್ನು ಕೇಳಿದ್ದೇವಾ? ಇದನ್ನು ನೋಡದೆ ಕೊಂಡರೆ ಗೋಡೌನಿನಲ್ಲಿ ಇನ್ನೊಂದು ಗೋಣಿ ಬೇಕಾದೀತು. ಅದಕ್ಕಿಂತ ಕೆಟ್ಟದ್ದೂ ಆದೀತು.

ಹಾಗೆಂದು ಹೊರಗಿನಿಂದ ಬಂದದ್ದೆಲ್ಲ ನಮಗೆ ಆಗದು ಎಂಬುದು ನನ್ನ ಮಾತಲ್ಲ. ನಾವು ಈಗ ಕೂತಿರುವ ಈ ಮಾಡಿನ ಹಂಚನ್ನೇ ನೋಡಿ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಶುರುಮಾಡಿದ ಕೆಲಸ ಅದು. ಹೊರಗಿನವರು ತಂದ ವಿದ್ಯೆ, ಆದರೆ ಮಣ್ಣು ಇಲ್ಲಿಯದು, ಕೈ ಇಲ್ಲಿಯದು, ಮಳೆಯನ್ನೂ ತಡೆಯಿತು. ಹಾಗಾಗಿ ಮಂಗಳೂರು ಹಂಚು ಎಂದೇ ಹೆಸರಾಯಿತು. ಅಡುಗೆಮನೆ ಕತ್ತಲೆಯಾದರೆ ನಡುವೆ ಒಂದು ಕನ್ನಡಿ ಹಂಚು ಇಟ್ಟು ಬೆಳಕು ಮಾಡಿಕೊಂಡೆವು. ಬಳಸುವವರಿಗೆ ಹೊಂದಿಸಿಕೊಳ್ಳಲು ಬರುವ ವಸ್ತು ಬಾಳುತ್ತದೆ.

ಈಗ ಸದಸ್ಯರಲ್ಲಿ ಒಂದು ಮಾತು. ತಪ್ಪು ನಿರ್ದೇಶಕರದ್ದು ಮಾತ್ರವಲ್ಲ, ನಮ್ಮ ದಾಕ್ಷಿಣ್ಯದ್ದೂ ಉಂಟು. ಮನೆಗೆ ಬಂದವರಿಗೆ ಬೇಸರವಾಗಬಾರದೆಂದು ಹೌದು ಹೌದು ಎನ್ನುತ್ತೇವೆ. ಸಬ್ಸಿಡಿ ಉಂಟು ಎಂದರೆ ಬೇಡದ್ದಕ್ಕೂ ಕೈ ಎತ್ತುತ್ತೇವೆ. ಇನ್ನು ಮುಂದೆ ಇಲ್ಲ ಎನ್ನುವುದನ್ನು ಇಲ್ಲ ಎಂದೇ ಹೇಳಿ ಮಾರಾಯ್ರೆ. ಅದರಿಂದ ಸಂಘಕ್ಕೆ ಆಗುವ ಉಪಕಾರ ದೊಡ್ಡದು.

ಹಾಗೆಯೇ ನೋಡಲು ಹೋಗುವವರಿಗೂ ಒಂದು ಮರ್ಯಾದೆ ಬೇಕು. ಬಡವರ ಹಟ್ಟಿಗೆ ಹೋಗಿ ಇದು ಸರಿಯಿಲ್ಲ, ಅದು ಸ್ವಚ್ಛವಿಲ್ಲ ಎನ್ನಲಿಕ್ಕೆ ಹೋಗುವುದಲ್ಲ. ಕೇಳದೆ ಮೊಬೈಲಿನಲ್ಲಿ ಫೋಟೋ ತೆಗೆದು ಹಂಚುವುದಲ್ಲ. ಮನೆಯ ಗುಟ್ಟು ಮನೆಯಲ್ಲೇ ಇರಬೇಕು. ನಮ್ಮ ಮನೆಯ ಸಂಗತಿಯನ್ನು ಕೂಡ ನನ್ನ ಹೆಂಡತಿಯನ್ನು ಕೇಳಿಯೇ ಇಲ್ಲಿ ಹೇಳಿದ್ದೇನೆ. ಅವಳು ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಹೆಚ್ಚುಕಡಿಮೆ ಹೇಳಿದ್ದರೆ ಮನೆಗೆ ಹೋದ ಮೇಲೆ ನನಗೆ ಗೊತ್ತಾದೀತು.

ಆಡಳಿತ ಮಂಡಳಿಯ ಮುಂದೆ, ಈ ಸಭೆಯ ಸಾಕ್ಷಿಯಾಗಿ, ನನ್ನ ವಿನಂತಿಯನ್ನು ಇಡುತ್ತೇನೆ. ಒಂದು, ಯಂತ್ರದ ನಿರ್ಣಯವನ್ನು ಮೂರು ತಿಂಗಳು ಮುಂದೂಡಿ. ಎರಡು, ಆ ಮೂರು ತಿಂಗಳಲ್ಲಿ ಹತ್ತು ಮನೆಗಳನ್ನು ಆರಿಸಿ. ಹತ್ತು ದನ ಇರುವ ಮನೆ ಒಂದು ಸಾಕು. ಒಂದೇ ದನ ಸಾಕುವವರು, ಸ್ವಂತ ಹುಲ್ಲಿನ ಜಾಗ ಇಲ್ಲದವರು, ಒಬ್ಬರೇ ಇರುವ ವಯಸ್ಸಾದವರು, ಇವರ ಮನೆ ಹೆಚ್ಚಿರಲಿ. ಮೂರು, ಪ್ರತಿ ಮನೆಗೆ ಇಬ್ಬರು ಹೋಗಲಿ, ಅದರಲ್ಲಿ ಒಬ್ಬರು ಹಟ್ಟಿ ಕೆಲಸ ಮಾಡುವ ಹೆಂಗಸೇ ಆಗಿರಲಿ. ಬೆಳಿಗ್ಗೆ ಐದರಿಂದ ಸಂಜೆ ಹಾಲಿನ ತನಕ ಎರಡು ದಿನ, ಒಂದು ಬೇಸಿಗೆಯದ್ದು, ಒಂದು ಮಳೆಯದ್ದು. ಉಪದೇಶ ಬೇಡ, ಕೈಗೆ ಕೆಲಸ ತೆಗೆದುಕೊಳ್ಳಲಿ, ಗಂಟೆ ಗಂಟೆಗೆ ಬರೆದಿಡಲಿ. ನಾಲ್ಕು, ಬರೆದದ್ದನ್ನು ಆ ಮನೆಯವರಿಗೇ ಮೊದಲು ಓದಿ ಹೇಳಲಿ, ಅವರು ಸರಿ ಎಂದ ಮೇಲೆ, ಹೆಸರು ಬಿಟ್ಟು, ಸಭೆಗೆ ತರಲಿ. ಐದು, ಯಂತ್ರ ಯಾವುದೇ ಇರಲಿ, ಮೊದಲು ಒಂದೇ ಒಂದನ್ನು ತಂದು ಒಂದು ಮಳೆಗಾಲ ನಾಲ್ಕು ಮನೆಯಲ್ಲಿ ತಿರುಗಿಸಿ ನೋಡುವ. ಹಾಳಾದರೆ ರಿಪೇರಿ ಮಾಡುವವರು ಇಲ್ಲಿಯೇ ಇದ್ದಾರಾ, ಪೇಟೆಗೆ ಹೊರಬೇಕಾ ಎನ್ನುವುದೂ ಆಗ ಗೊತ್ತಾಗುತ್ತದೆ.

ಮೊದಲ ಮನೆಗೆ ಹೋಗಲು ನಾನು ಸಿದ್ಧನಿದ್ದೇನೆ. ಗೋಡೌನಿನ ಚಾಫ್ ಕಟ್ಟರನ್ನು ನೇಪಿಯರ್ ಬೆಳೆಸುವ ಆ ಎರಡು ಮನೆಗಳ ಹತ್ತಿರ ಸಾಗಿಸಿ, ಬಾಡಿಗೆಯ ಮೇಲೆ ಕೊಡುವ ಬಗ್ಗೆಯೂ ಅವರಲ್ಲಿ ಕೇಳಿದ್ದೇನೆ. ಈ ಸಲ ಮೊದಲು ಅವರ ಹಟ್ಟಿಯಲ್ಲಿ ಕೂತು ಕೇಳಿದೆ. ಒಬ್ಬರು ಆಗಬಹುದು ಎಂದಿದ್ದಾರೆ, ಇನ್ನೊಬ್ಬರು ಬೇಡ ಎಂದಿದ್ದಾರೆ. ಬೇಡ ಎಂದವರ ಮಾತಿನಿಂದ ನನಗೆ ಬೇಸರವಾಗಲಿಲ್ಲ.

ಸಹಕಾರ ಎಂದರೆ ಸೇರಿ ಕೊಳ್ಳುವುದು, ಸೇರಿ ಮಾರುವುದು ಎಂದು ನಾವು ಇಪ್ಪತ್ತೈದು ವರ್ಷ ಕಲಿತೆವು. ಒಬ್ಬರ ಕೆಲಸವನ್ನು ಇನ್ನೊಬ್ಬರು ಹತ್ತಿರದಿಂದ ನೋಡುವುದನ್ನೂ ಇನ್ನು ಕಲಿಯುವ. ಸಂಜೆಯ ಹಾಲಿನ ಹೊತ್ತಾಗುತ್ತಾ ಬಂದದ್ದರಿಂದ ನನ್ನ ಮಾತನ್ನು ಇಲ್ಲಿಗೆ ಮುಗಿಸುತ್ತೇನೆ.